ಗುರುವಾರದ ಹಾಳೆಯ ಮೇಲಿನ ಸಹಿ

ಇಲ್ಯಾಸ್ ಇಲ್ಲವಂತೆ.

ಬೆಳಿಗ್ಗೆ ಕಂಪೆನಿ ಬಸ್ಸಿನಲ್ಲಿ ಅವನ ತಮ್ಮನ ಮೆಸೇಜು ಓದಿದೆ. ಫೋನು ಜೇಬಿಗೆ ಹಾಕಿದೆ. ಮತ್ತೆ ತೆಗೆದು ಓದಿದೆ... ಅದೇ ಇತ್ತು.
ಬುರೈದಾದಲ್ಲಿ, ತಮ್ಮನ ಮನೆಯಲ್ಲಿ, ಚಹಾ ಕುಡಿಯುತ್ತ ಕುಳಿತಲ್ಲೇ.
ಹೃದಯ ನಿಂತಿತಂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಇಲ್ಯಾಸ್ ಭಟ್ಕಳದವನು. ಮನೆಯವರೆಲ್ಲ ಗಲ್ಫಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಇವನೊಬ್ಬ ಮಾನವಶಾಸ್ತ್ರ ಓದಿ, ಪೂರ್ವ ಆಫ್ರಿಕಾದ ಒಂದು ಹಳ್ಳಿಯಲ್ಲಿ ವರ್ಷಗಟ್ಟಲೆ ಕುಳಿತ.
"ನೋಡ್ಲಿಕ್ಕೆ ಇಲ್ಲಿ ಮನುಷ್ಯರು ಇರ್ಲಿಲ್ವಾ? ಅದಕ್ಕೆ ಡಾಕ್ಟರೇಟ್ ಬೇರೆ!" ಎಂದು ಅವನ ಮಾವ ನನ್ನೆದುರೇ ಹಂಗಿಸಿದ್ದರು.
"ಮಾಮಾ, ನಿಮ್ಮ ಮೇಲೂ ಒಂದು ಚಾಪ್ಟರ್ ಉಂಟು. ಜಾಗ್ರತೆ," ಎಂದಿದ್ದ.

ಅವನ ಸಂಶೋಧನೆ ನನಗೆ ಅರ್ಥವಾದದ್ದು ಇಷ್ಟು.
ಆ ಹಳ್ಳಿಗೆ ಹೆದ್ದಾರಿ ಬಂತು. ಅಭಿವೃದ್ಧಿ ಎಂದರು. ಹೊಲಗಳು ಹೋದವು.
ಹೊಲ ಹೋದವರ ಮಕ್ಕಳು ಅದೇ ಹೆದ್ದಾರಿ ಹಿಡಿದು ಏರ್‌ಪೋರ್ಟಿಗೆ ಹೋದರು. ಇಲ್ಲಿ ಗಲ್ಫಿನ ಜುಬೈಲಿಗೆ ಬಂದು ನಮ್ಮ ಪ್ಲಾಂಟಿನ ಅಟ್ಟಣಿಗೆ ಹತ್ತಿದರು.
ಇಲ್ಯಾಸ್ ಅವರ ಹಿಂದೆಯೇ ಬಂದ. ಪರವಾನಗಿ ಪಡೆದು ಕಾರ್ಮಿಕರ ಕ್ಯಾಂಪಿನಲ್ಲಿ ಅವರ ಜೊತೆ ಉಂಡ, ಮಲಗಿದ, ಬರೆದುಕೊಂಡ.
"ಈ ಜಾಗತಿಕ ಬಂಡವಾಳ ಅಂದ್ರೆ ಎಂತ ಮಾರಾಯ?" ಎಂದು ಒಮ್ಮೆ ಕೇಳಿದೆ.
"ನಿನ್ನ ಫೈಲು," ಎಂದ.

ನಾನು ನಕ್ಕೆ. ಸೇಫ್ಟಿ ಫೈಲುಗಳನ್ನು ಇಡುವವನು ನಾನು.

ಇವತ್ತು ಮಧ್ಯಾಹ್ನದೊಳಗೆ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಸಾಹೇಬರ ಪೋಸ್ಟ್ ಬಂದಿದೆ. ನಮ್ಮ ಕರಾವಳಿಯವರೇ. ಇಲ್ಯಾಸನ ಹೆಗಲ ಮೇಲೆ ಕೈ ಹಾಕಿದ ಫೋಟೋ... 'ನನ್ನ ಆತ್ಮೀಯ ಗೆಳೆಯ, ಕಾರ್ಮಿಕರ ನಿಜವಾದ ಬಂಧು'... ಶುಕ್ರವಾರ ಸಂತಾಪ ಸಭೆಯಂತೆ. ಅಧ್ಯಕ್ಷತೆ ಅವರದೇ.
ಈಗಾಗಲೇ ಬಹಳ ಜನ ಅದಕ್ಕೆ ಕೈಮುಗಿದಿದ್ದೀರಿ.
ಆದ್ದರಿಂದ ಇದನ್ನೂ ಓದಿ.

ಜುಮಾ ಎಂಬವನಿದ್ದ. ಇಲ್ಯಾಸ್ ಬರೆದ ಆ ಹಳ್ಳಿಯವನೇ. ಒಂದು ಭಾನುವಾರ ಅಟ್ಟಣಿಗೆಯಿಂದ ಬಿದ್ದ. ಬೆನ್ನೆಲುಬು ಮುರಿಯಿತು. ಅವನ ಸೇಫ್ಟಿ ಬೆಲ್ಟಿನ ಕೊಕ್ಕೆ ಸಿಕ್ಕಿಸಲು ಅಲ್ಲಿ ಹಗ್ಗವೇ ಇರಲಿಲ್ಲ.

ನಮ್ಮಲ್ಲಿ ಪ್ರತಿದಿನ ಕೆಲಸಕ್ಕೆ ಮೊದಲು ಹತ್ತು ನಿಮಿಷ ಸುರಕ್ಷತೆಯ ಪಾಠ ಆಗಬೇಕು. ಕೇಳಿದವರೆಲ್ಲ ಹಾಳೆಯಲ್ಲಿ ಸಹಿ ಹಾಕಬೇಕು.
ನಾವು ಮಾಡುತ್ತಿದ್ದುದು ಬೇರೆ. ಶನಿವಾರ ಬೆಳಿಗ್ಗೆಯೇ ಇಡೀ ವಾರದ ಹಾಳೆಗಳಿಗೆ ಒಟ್ಟಿಗೆ ಸಹಿ ಹಾಕಿಸಿಕೊಳ್ಳುವುದು. ಪಾಠ ಯಾವುದೆಂದು ಆಮೇಲೆ ನಾನು ತುಂಬುವುದು. ಪಾಠ ನಡೆಯುತ್ತಿದ್ದುದು ಅಪರೂಪ.

ಜುಮಾನನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ಸಾಹೇಬರು ನನ್ನ ಮೇಜಿನ ಬಳಿ ಬಂದರು.
"ಕಳೆದ ಗುರುವಾರದ್ದು ಖಾಲಿ ಉಂಟಲ್ಲ? ಬೆಲ್ಟ್ ಕಟ್ಟುವ ಕ್ರಮ ಅಂತ ಬರಿ."
"ಸರ್, ಅದು..."
"ಬರಿ ಮಾರಾಯ. ನಿನ್ನ ಇಕಾಮಾ ರಿನ್ಯೂವಲ್ ನನ್ನ ಟೇಬಲ್‌ನಲ್ಲೇ ಉಂಟು. ಯಲ್ಲಾ, ಬೇಗ."
ಇಕಾಮಾ ಎಂದರೆ ಇಲ್ಲಿ ಇರಲು ಬೇಕಾದ ಪರವಾನಗಿ; ಅದಿಲ್ಲದಿದ್ದರೆ ಊರಿಗೆ.

ಬರೆದೆ.

ಹೇಳಿಕೊಟ್ಟರೂ ಕೇಳಲಿಲ್ಲ, ತಪ್ಪು ಅವನದೇ ಎಂಬ ಪತ್ರದೊಂದಿಗೆ ಆ ಹಾಳೆಯ ಜೆರಾಕ್ಸ್ ಜುಮಾನ ಊರಿಗೆ ಹೋಯಿತು. ಜುಮಾನೂ ಹೋದ, ಸ್ಟ್ರೆಚರಿನಲ್ಲಿ.
ಹಾಳೆಯಲ್ಲಿ ಮಗನದೇ ಸಹಿ ಇತ್ತಲ್ಲ, ಜುಮಾ ಏನೆಂದರೂ ಅಪ್ಪ ಪತ್ರವನ್ನೇ ನಂಬಿದ. ಇಲ್ಯಾಸನಿಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ನನ್ನ ಮಗ ಹೇಳಿದ್ದು ಕೇಳದವನಾ?"

ಜುಮಾನ ತಂಗಿ ಕಳಿಸಿದ ಆ ಹಾಳೆಯ ಫೋಟೋದಲ್ಲಿ ಇಲ್ಯಾಸ್ ತಾರೀಖು ನೋಡಿದ. ನೇರ ನನ್ನ ಬಳಿ ಬಂದ.
"ಆ ಗುರುವಾರ ಜುಮಾ ಜುಬೈಲಿನಲ್ಲೇ ಇರ್ಲಿಲ್ಲ. ಮಕ್ಕಾದಲ್ಲಿ ಉಮ್ರಾ ಯಾತ್ರೆ ಮಾಡ್ತಿದ್ದ. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಬಂದವ. ಇಲ್ಲಿ ಸಹಿ ಹಾಕಿದ್ದು ಯಾರು?"
ಸಹಿ ಜುಮಾನದೇ, ಶನಿವಾರವೇ ಹಾಕಿದ್ದು. ಫೋರ್‌ಮನ್ ಬಾಯಿಮಾತಿನಲ್ಲೇ ರಜೆ ಕೊಟ್ಟಿದ್ದ. ನಮಗೆ ಯಾರಿಗೂ ನೆನಪಿರಲಿಲ್ಲ.

ಇಲ್ಯಾಸ್, ನಿನಗೆ ಆ ದಿನವೇ ಎಲ್ಲ ಹೇಳಿದೆ. ಅಷ್ಟಕ್ಕೇ ನಾನು ಒಳ್ಳೆಯವನಾದೆ ಅಂದುಕೊಂಡೆ.
ನೀನು ಸಾಹೇಬರನ್ನು ಕೇಳಲು ಹೋದೆ. "ಡಾಕ್ಟ್ರೇ, ನೀವು ಆಫ್ರಿಕಾ ಸ್ಟಡಿ ಮಾಡಿ. ನಮ್ಮ ಫೈಲ್ ಬೇಡ," ಅಂದರು. ಮರುದಿನ ನಿನ್ನ ಗೇಟ್ ಪಾಸ್ ರದ್ದು. ಸೆಕ್ಯುರಿಟಿಯವರು ನಿನ್ನ ಚೀಲವನ್ನು ರಸ್ತೆಯಲ್ಲಿಟ್ಟರು. ನಾನು ಕಿಟಕಿಯಿಂದ ನೋಡಿದೆ...
ನೀನು ಕೇಳಿದ್ದು ಒಂದನ್ನೇ. ಅಸಲು ಹಾಳೆ. ಸಹಿಗಳೆಲ್ಲ ನೀಲಿ, ನಾನು ಆಮೇಲೆ ತುಂಬಿದ ಪಾಠದ ಸಾಲು ಕಪ್ಪು. ಜೆರಾಕ್ಸಿನಲ್ಲಿ ಅದು ಕಾಣುವುದಿಲ್ಲ.
"ನನ್ನ ಪುಸ್ತಕಕ್ಕೆ ಬೇಡ. ಆ ಅಪ್ಪನಿಗೆ ತೋರಿಸ್ಬೇಕು," ಎಂದೆ ನೀನು.
ಮುಂದಿನ ವಾರ, ಮುಂದಿನ ವಾರ ಎನ್ನುತ್ತ ಬಂದೆ ನಾನು.
ನಿನಗೆ ಯಾರ ಮೇಲೂ ಹಗೆ ಇರಲಿಲ್ಲ. ಮ್ಯಾನೇಜರನೂ ಒಂದು ವ್ಯವಸ್ಥೆಯ ಕೂಲಿಯಾಳು ಎನ್ನುತ್ತಿದ್ದೆ ನೀನು. ಇರಬಹುದು.
ನನಗೆ ಅಷ್ಟು ದೂರ ನಿಂತು ನೋಡಲು ಬರುವುದಿಲ್ಲ. ಈಗ ನನ್ನೊಳಗೆ ದುಃಖಕ್ಕೆ ಜಾಗವಿಲ್ಲ. ಇರುವುದು ಸೇಡು. ಅದಕ್ಕೆ ಮರ್ಯಾದೆಯ ಹೆಸರು ಹುಡುಕುವುದಿಲ್ಲ.

ಸಾಹೇಬರ ಪೋಸ್ಟ್ ನೋಡಿದ ಮೇಲೆ ಅವರದೇ ಆಫೀಸಿನ ಸ್ಕ್ಯಾನರಿನಲ್ಲಿ ಆ ಹಾಳೆಯನ್ನು ಕಲರ್‌ನಲ್ಲಿ ಸ್ಕ್ಯಾನ್ ಮಾಡಿದೆ. ಜೊತೆಗೆ ಒಂದು ಪುಟ ಬರೆದೆ... ಆ ಸಾಲು ಬರೆದವನು ನಾನು, ಬರೆಸಿದವರು ಸಾಹೇಬರು, ಬರೆದದ್ದು ಜುಮಾ ಬಿದ್ದ ಮೇಲೆ. ಕೆಳಗೆ ನನ್ನ ಪೂರ್ತಿ ಹೆಸರು.
ಹೆಡ್ ಆಫೀಸಿಗೆ ಹೋಗಿದೆ. ಜುಮಾನ ಮನೆಗೂ.
ಹೆಡ್ ಆಫೀಸಿನಿಂದ ಉತ್ತರವಿಲ್ಲ.
ಜುಮಾನ ತಂಗಿ ಉತ್ತರಿಸಿದ್ದಾಳೆ. ಓದಿ ಹೇಳಿದಳಂತೆ. ಅಪ್ಪ ಎದ್ದು, ಒಳಗೆ ಹೋಗಿ, ಮಗನ ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದಾನಂತೆ. ಇನ್ನೂ ಎದ್ದಿಲ್ಲವಂತೆ.

ಸರ್, ನೀವಿದನ್ನು ಓದುತ್ತೀರಿ ಎಂದು ಗೊತ್ತು. ಶುಕ್ರವಾರ ಅಧ್ಯಕ್ಷರ ಕುರ್ಚಿ ನಿಮಗೇ ಇರಲಿ. ದಯವಿಟ್ಟು ತಪ್ಪಿಸಿಕೊಳ್ಳಬೇಡಿ. ಎಲ್ಲರೆದುರು ಆ ಒಂದು ಪುಟ ಓದುವವನು ನಾನು. ಅದು ಮುಗಿಯುವವರೆಗೆ ನೀವು ಅಲ್ಲೇ ಕುಳಿತಿರಬೇಕು.
ಆಮೇಲೆ ನನ್ನನ್ನು ಊರಿಗೆ ಕಳಿಸಿ. ಬ್ಯಾಗ್ ಕಟ್ಟಿ ಇಟ್ಟಿದ್ದೇನೆ.

ಇಲ್ಯಾಸ್... ಇವತ್ತು ಸಂಜೆಯ ಅಸರ್ ನಮಾಜಿನ ನಂತರ ನಿನ್ನನ್ನು ಮಣ್ಣು ಮಾಡುತ್ತಾರಂತೆ. ಏಳೆಂಟು ಗಂಟೆಯ ದಾರಿ, ನಾನು ಅಷ್ಟರೊಳಗೆ ಬುರೈದಾ ಮುಟ್ಟಲಾರೆ.
ಹೋಗು. ನಿನ್ನ ಆತ್ಮಕ್ಕೆ ನೆಮ್ಮದಿ ಸಿಗಲಿ.
ಸಾಹೇಬರಿಗೂ ನನಗೂ ಸದ್ಯಕ್ಕೆ ಅದು ಬೇಡ.