ಆಂಟಿಯ ಕಡೆ ಬಾರದ ಚೆಂಡು

ಕಳೆದ ಶನಿವಾರ ಡಾಲಸ್ ಪಕ್ಕದ ಅಲೆನ್‌ನ ರಿಕ್ರಿಯೇಷನ್ ಸೆಂಟರಿನಲ್ಲಿ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಾಗ ಪಕ್ಕದ ಬೆಂಚಿನಿಂದ ನೋವಿನ ಮುಲಾಮಿನ ವಾಸನೆ ಬಂತು. ಊರಿಗೆ ಹೋದವರು ಸೂಟ್‌ಕೇಸಿನ ಮೂಲೆಯಲ್ಲಿ ತುರುಕಿಕೊಂಡು ಬರುವ, ಕಣ್ಣಲ್ಲಿ ನೀರು ಬರಿಸುವಂಥ ಮುಲಾಮು. ಯಾರು ಹಚ್ಚಿಕೊಳ್ಳುತ್ತಿದ್ದರೋ, ತಿರುಗಿ ನೋಡಲಿಲ್ಲ. ನೋಡಿದರೆ ಅವರಲ್ಲ ಎಂದು ಗೊತ್ತಾಗಿಬಿಡುತ್ತಿತ್ತು…

ವರ್ಷಗಳ ಹಿಂದೆ ಅವರನ್ನು ಮೊದಲು ಕಂಡಾಗ, ನಾವು ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಿಂದ ಇಲ್ಲಿಗೆ ಶಿಫ್ಟ್ ಆಗಿ ಆಗಿನ್ನೂ ಕೆಲವೇ ತಿಂಗಳಾಗಿತ್ತು. ಗಂಡನಿಗೆ ಪಕ್ಕದ ಊರು ಪ್ಲೇನೋದಲ್ಲಿ ಕೆಲಸ ಸಿಕ್ಕಿತ್ತು, ಮಗಳಿಗೆ ಒಳ್ಳೆಯ ಸ್ಕೂಲು ಸಿಕ್ಕಿತ್ತು, ನನಗೆ ಮಾತ್ರ ಏನೂ ಸಿಕ್ಕಿರಲಿಲ್ಲ. ಸ್ಟಾಫರ್ಡ್‌ನಲ್ಲಿ ಭಾನುವಾರ ಬೆಳಗ್ಗೆ ನಮ್ಮದೊಂದು ಥ್ರೋಬಾಲ್ ಗುಂಪಿತ್ತು. ಮೈಸೂರಿನ ಕಾಲೇಜಿನಲ್ಲಿ ಆಡುತ್ತಿದ್ದ ಆಟ ಅಲ್ಲಿ ಮತ್ತೆ ಕೈಗೆ ಬಂದಿತ್ತು. ಅಲೆನ್‌ನಲ್ಲಿ ಮನೆಗಳು ಹೊಸವು, ರಸ್ತೆಗಳು ಚೊಕ್ಕ. ಮನುಷ್ಯರು ಮಾತ್ರ ಕಾರಿನ ಸಮೇತ ಗರಾಜಿನೊಳಗೆ ಮಾಯವಾಗಿಬಿಡುತ್ತಿದ್ದರು. ಆಟಕ್ಕೆ ಜೊತೆ ಹುಡುಕುವುದು ಗಂಡು ಹುಡುಕುವುದಕ್ಕಿಂತ ಕಷ್ಟ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿ ಬೈಸಿಕೊಂಡಿದ್ದೆ.

ಕೊನೆಗೆ, ಇದೇ ಸೆಂಟರಿನಲ್ಲಿ ಯಾರು ಬೇಕಾದರೂ ಬಂದು ಸೇರಿಕೊಳ್ಳಬಹುದಾದ ವಾಲಿಬಾಲ್‌ಗೆ ಹೋದೆ. ಅಲ್ಲೂ ನೆಟ್ ಇದೆ, ಚೆಂಡಿದೆ, ಹೇಗೋ ಸಂಭಾಳಿಸಿದರಾಯಿತು ಎಂಬ ಭಂಡ ಧೈರ್ಯ. ಮೊದಲ ಚೆಂಡು ಎದೆಯ ಎತ್ತರಕ್ಕೆ ಬಂತು. ನನ್ನ ಕೈಗಳು ನನ್ನನ್ನು ಕೇಳಲೇ ಇಲ್ಲ, ಗಪ್ಪನೆ ಹಿಡಿದು ನಿಂತುಬಿಟ್ಟವು. ವಾಲಿಬಾಲ್‌ನಲ್ಲಿ ಚೆಂಡನ್ನು ಹೊಡೆಯಬೇಕು, ಹಿಡಿಯುವಂತಿಲ್ಲ. ಹಿಡಿದು ಎಸೆಯುವುದು ಥ್ರೋಬಾಲ್. ಎಲ್ಲರೂ ನನ್ನನ್ನೇ ನೋಡಿದರು. ಒಬ್ಬ ಎತ್ತರದ ಹುಡುಗ ಅಂಗನವಾಡಿ ಮಕ್ಕಳಿಗೆ ಹೇಳುವಷ್ಟು ಸೌಜನ್ಯದಿಂದ ನಿಯಮ ವಿವರಿಸತೊಡಗಿದ. ಅಷ್ಟರಲ್ಲಿ ಗೋಡೆಯ ಪಕ್ಕದಿಂದ ಒಬ್ಬರೇ ಚಪ್ಪಾಳೆ ತಟ್ಟಿದ್ದು ಕೇಳಿಸಿತು.

“ಎಷ್ಟ್ ಛಂದ ಹಿಡಿದ್ರಿ. ಥ್ರೋಬಾಲ್ ಆಡ್ತಿದ್ರೇನ್ರಿ ನೀವು?”

ಅರವತ್ತು ದಾಟಿದ ಎತ್ತರದ ಹೆಂಗಸು. ಚೂಡಿದಾರದ ಕೆಳಗೆ ವಾಕಿಂಗ್ ಶೂ, ಮೊಣಕಾಲಿನ ಕಡೆಯಿಂದ ಅದೇ ಮುಲಾಮಿನ ವಾಸನೆ. ಡಾಕ್ಟರು ನಡೆಯಲು ಹೇಳಿದ್ದರಂತೆ, ಇವರು ಬಂದು ಕೂತು ಬೇರೆಯವರ ಆಟ ನೋಡುತ್ತಿದ್ದರು. ಧಾರವಾಡದವರು, ಮದುವೆಯಾಗಿ ಟೆಕ್ಸಸ್‌ಗೆ ಬಂದವರು. ಗಂಡ ತೀರಿಕೊಂಡಿದ್ದರು, ಮಗಳು ಆಸ್ಟಿನ್‌ನಲ್ಲಿದ್ದಳು. ಆ ಸಂಜೆ ಪಾರ್ಕಿಂಗ್ ಲಾಟಿನಲ್ಲಿ ನಿಂತೇ ತಮ್ಮ ಕತೆ ಹೇಳಿದರು. ಅವರ ಕಾಲೇಜು ತಂಡ ಫೈನಲ್‌ಗೆ ಬಂದ ದಿನವೇ ಹೆಣ್ಣು ನೋಡುವವರು ಬಂದಿದ್ದರಂತೆ.

“ನಾ ಇಲ್ಲಿ ಎಲ್ಲಾರಿಗೂ ಉಪ್ಪಿಟ್ಟು ಕೊಟ್ಕೋತ ನಿಂತೆ, ಅಲ್ಲಿ ನನ್ನ ಟೀಮ್ ಆಡ್ತು. ಗಂಡ ಛಲೋ ಇದ್ರು, ಸುಳ್ಳ್ಯಾಕ ಹೇಳ್ಲಿ. ಆದ್ರ ಒಂದು ಖರೇ ಮ್ಯಾಚ್ ಆಡಬೇಕು ನೋಡವಾ, ಕಾಲು ಪೂರಾ ಹೋಗೂದರೊಳಗ.”

ತಂಡಕ್ಕೆ ಏಳು ಜನ ಬೇಕು. ನಾವಿದ್ದದ್ದು ಇಬ್ಬರು. ಆಂಟಿ ನನ್ನನ್ನು ಇಂಡಿಯನ್ ಅಂಗಡಿಗೆ ಕರೆದುಕೊಂಡು ಹೋದರು. ತರಕಾರಿ ಆರಿಸುತ್ತಿದ್ದ ಹೆಂಗಸರಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ಒಂದು ಎಲೆಕೋಸು ಎತ್ತಿ, “ಹಿಡೀರಿ” ಎಂದು ಒಗೆದುಬಿಡುತ್ತಿದ್ದರು. ಹೌಹಾರಿ ಹಿಂದೆ ಸರಿದವರನ್ನು ನಗುತ್ತಾ ಕ್ಷಮೆ ಕೇಳಿ ಬಿಟ್ಟುಬಿಡುವುದು. ಎರಡೂ ಕೈಯಲ್ಲಿ ಹಿಡಿದವರ ಫೋನ್ ನಂಬರ್ ಅಲ್ಲೇ ನಾನು ತೆಗೆದುಕೊಳ್ಳುವುದು. ನನಗೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ. ಆದರೂ ನಗದೆ ಎಷ್ಟೋ ತಿಂಗಳಾಗಿದ್ದವಳು ಆ ಅಂಗಡಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಾಗೆಯೇ ತಂಡ ಕೂಡಿತು.

ಅಷ್ಟರಲ್ಲಿ ಆಂಟಿಯ ಮಗಳು ಅವರ ಮೊಣಕಾಲಿನ ಆಪರೇಷನ್‌ಗೆ ದಿನ ಗೊತ್ತುಮಾಡಿದ್ದಳು. ಅದಾದ ಮೇಲೆ ಆಟದ ಮಾತೇ ಇಲ್ಲ. ನಾನು ಸ್ಟಾಫರ್ಡ್‌ನ ಹಳೆಯ ಗೆಳತಿಯರಿಗೆ ಫೋನ್ ಮಾಡಿ ಒಂದು ಮ್ಯಾಚ್ ಕೇಳಿದೆ. ಒಂದು ಶನಿವಾರ ಎರಡು ಕಾರುಗಳಲ್ಲಿ ಚಿತ್ರಾನ್ನ ಕಟ್ಟಿಕೊಂಡು ಅಲ್ಲಿಗೆ ಡ್ರೈವ್ ಮಾಡಿದೆವು. ದಾರಿಯುದ್ದಕ್ಕೂ ಆಂಟಿ ಬೆರಳುಗಳ ನೆಟಿಗೆ ಮುರಿಯುತ್ತಾ ಕೂತಿದ್ದರು.

ನನ್ನ ಗೆಳತಿಯರೆಲ್ಲ ಒಳ್ಳೆಯ ಮನೆತನದ ಹೆಣ್ಣುಮಕ್ಕಳು. ಆಂಟಿ ಕಾರಿನಿಂದ ಇಳಿದದ್ದೇ ಸಾಲಾಗಿ ಬಂದು ಕಾಲಿಗೆ ನಮಸ್ಕಾರ ಮಾಡಿದರು. ಆಟ ಶುರುವಾದ ಮೇಲೂ ಅದೇ ಮರ್ಯಾದೆ. ಆಂಟಿ ನಿಂತ ಮೂಲೆಗೆ ಒಂದು ಚೆಂಡೂ ಬರಲಿಲ್ಲ. ಅವರು ಎದೆಯ ಮುಂದೆ ಕೈ ಸಿದ್ಧಮಾಡಿಕೊಂಡು, ಬಗ್ಗಿದ ಮೊಣಕಾಲಿನಲ್ಲಿ ನಿಂತೇ ಇದ್ದರು. ಅವರನ್ನು ತಪ್ಪಿಸಲು ಹೋಗಿ ಎದುರಾಳಿಗಳು ಹೊರಗೆ ಎಸೆದೂ ಎಸೆದೂ ಮೊದಲ ಆಟವನ್ನು ನಾವೇ ಗೆದ್ದೆವು. ಎಲ್ಲರೂ ತಬ್ಬಿಕೊಂಡು ಕುಣಿಯುತ್ತಿದ್ದರೆ ಆಂಟಿ ಕುಂಟುತ್ತಾ ನೆಟ್‌ನ ಹತ್ತಿರ ಹೋದರು. ಮುಖ ಕೆಂಪಾಗಿತ್ತು.

“ಆಶೀರ್ವಾದ ಮಾಡ್ಲಿಕ್ಕೆ ಬಂದು ನಿಂತೇನೇನ್ರಿ ನಾ ಇಲ್ಲಿ? ನನ್ನ ಕಡೆ ಒಗೀರಿ. ಜೋರ್ ಒಗೀರಿ.”

ಒಗೆದರು. ಮೊದಲ ಚೆಂಡು ಬೆರಳಿಗೆ ಬಡಿದು ಹಾರಿಹೋಯಿತು. ಮುಂದಿನದೂ ಅಷ್ಟೇ. ಆಮೇಲೊಂದು ಬಂತು ನೋಡಿ, ಗುಂಡಿನ ಹಾಗೆ. ಆಂಟಿ ಅದನ್ನು ಹಿಡಿದು, ಹಿಡಿದ ಉಸಿರಿನಲ್ಲೇ ಎದುರಿನ ಖಾಲಿ ಮೂಲೆಗೆ ಕಳಿಸಿದರು. ಯಾರಿಗೂ ಮುಟ್ಟಲಾಗಲಿಲ್ಲ. ಅವರ ಕಡೆಗೆ ಬಂದವುಗಳಲ್ಲಿ ಬಿಟ್ಟದ್ದೇ ಹೆಚ್ಚು. ಉಳಿದೆರಡು ಆಟಗಳನ್ನೂ ಸೋತೆವು.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದರು, “ನನ್ನ ಸಲುವಾಗೇ ಸೋತೇವು, ಅಲ್ಲ?”

“ಛೆ, ಹಾಗೇನಿಲ್ಲ ಆಂಟಿ” ಅಂದೆ.

“ಖರೇ ಹೇಳು.”

“ಹೌದು ಆಂಟಿ. ನಿಮ್ಮಿಂದಾನೇ ಸೋತ್ವಿ.”

ಅವರು ಸೀಟಿಗೆ ಒರಗಿ ತೃಪ್ತಿಯಿಂದ ನಕ್ಕರು. ಡಾಲಸ್ ಬರುವವರೆಗೂ ಆಗಾಗ ಒಬ್ಬರೇ ನಗುತ್ತಿದ್ದರು. ಅಷ್ಟು ಸಂತೋಷವಾಗಿ ಸೋತವರನ್ನು ನಾನು ಮತ್ತೆ ಕಂಡಿಲ್ಲ.

ಆಪರೇಷನ್ ಆದ ಮೇಲೆ ಅವರು ಮಗಳಿಗೆ ಹತ್ತಿರವಾಗಲೆಂದು ಆಸ್ಟಿನ್ ಪಕ್ಕದ ಜಾರ್ಜ್‌ಟೌನ್‌ಗೆ ಹೋದರು. ಫೋನ್ ಮಾಡಿದಾಗೆಲ್ಲ ಕ್ಷೇಮಸಮಾಚಾರಕ್ಕಿಂತ ಮೊದಲು ಸ್ಕೋರ್ ಕೇಳುತ್ತಿದ್ದರು. ಆಮೇಲೆ ಫೋನಿನಲ್ಲಿ ಅವರ ದನಿ ಸಣ್ಣದಾಗುತ್ತಾ ಬಂತು… ಹೋದ ಚಳಿಗಾಲದಲ್ಲಿ ಒಂದು ದಿನ ಅವರ ನಂಬರಿನಿಂದ ಮಗಳು ಮಾತಾಡಿದಳು. ನಾನು ಅಡುಗೆಮನೆಯಲ್ಲೇ ಕೂತು ಅತ್ತೆ.

ಅಲೆನ್‌ನಲ್ಲಿ ಈಗ ಥ್ರೋಬಾಲ್ ಆಡುವವರಿಗೆ ಬರವಿಲ್ಲ. ಅಂಕಣ ಸಿಗಲು ಕಾಯಬೇಕು. ನನ್ನ ಕೂದಲಿಗೆ ನಾನು ಬಣ್ಣ ಹಚ್ಚುವುದನ್ನು ನಿಲ್ಲಿಸಿದ್ದೇನೆ. ಕಳೆದ ಶನಿವಾರ, ಎರಡನೆಯ ಆಟದ ನಡುವೆ, ಎದುರು ತಂಡದಲ್ಲಿದ್ದ, ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು ನನ್ನ ಕಡೆಗೆ ಚೆಂಡು ಎತ್ತಿದಳು. ನನ್ನ ಮುಖ ನೋಡಿ ಕೈ ತಡೆದು, ಬೇರೆ ಕಡೆಗೆ ಎಸೆದಳು. ಆಟ ಮುಗಿದ ಮೇಲೆ ಬಂದು, “ಚೆನ್ನಾಗಿ ಆಡ್ತೀರಾ ಆಂಟಿ” ಅಂದಳು.

ನನಗೆ ಸಿಟ್ಟು ಬಂತು. ಯಾಕೆ ಬಂತು ಎಂದು ಬಿಡಿಸಿ ಹೇಳದೆಯೂ ಅರ್ಥವಾಗುತ್ತಿದ್ದದ್ದು ಒಬ್ಬರಿಗೆ ಮಾತ್ರ. ಮನೆಗೆ ಹೋಗಿ ಫೋನ್ ಮಾಡೋಣವೆಂದರೆ, ಅವರೇ ಇಲ್ಲ.