ಗಾಣದ ಎತ್ತಿನ ಹಿಂಗಾಲು

ಐವತ್ತಾರನೆಯ ಇಸವಿಯಲ್ಲಿ ಆ ಎತ್ತಿಗೆ ನಾನು ಕೊಟ್ಟದ್ದು ಇನ್ನೂರೈವತ್ತು ರೂಪಾಯಿ, ಆಗ ಅದು ದೊಡ್ಡ ದುಡ್ಡು. ಯಾಕೆ ಅಷ್ಟು ಅಂದರೆ, ಹಿಂಗಾರಿ ಬಿತ್ತನೆ ಹತ್ತಿರ ಬಂದಿತ್ತು, ಹೊಂಬಳದ ನನ್ನ ಎರೆಹೊಲಕ್ಕೆ ಜೋಡಿಯಲ್ಲಿ ಒಂದು ಎತ್ತು ಕಡಿಮೆ. ಹಸಿ ಆರಿದರೆ ಜೋಳ ಹುಟ್ಟುವುದಿಲ್ಲ.

ಲಕ್ಷ್ಮೇಶ್ವರದ ಸಂತೆಯಲ್ಲಿ ದಲ್ಲಾಳಿ ಟವೆಲಿನ ಕೆಳಗೆ ನನ್ನ ಬೆರಳು ಹಿಡಿದ. ಅವನು ಹೇಳಿದ್ದಕ್ಕಿಂತ ಇಳಿಸಿದೆ, ಚೌಕಾಸಿಯಲ್ಲಿ ಗೆದ್ದವನು ನಾನೇ. ಆದರೆ ಬೆರಳಿನಲ್ಲಿ ಬೆಲೆ ಆಡುವವನ ಕಣ್ಣು ಎದುರಿನವನ ಮುಖದ ಮೇಲಿರುತ್ತದೆ, ಎತ್ತಿನ ಕಾಲಿನ ಮೇಲಲ್ಲ. ಅವನು ಎತ್ತನ್ನು ಬಲಕ್ಕಷ್ಟೇ ತಿರುಗಿಸಿ ತೋರಿಸಿದ್ದ. ಮರುದಿನ ಬೆಳಿಗ್ಗೆ ಎಬ್ಬಿಸಿದರೆ ಎಡ ಹಿಂಗಾಲು ಎಳೆಯಿತು. ಕೀಲಿನ ಒಳಮಗ್ಗುಲಿಗೆ ಅಡಿಕೆಯಷ್ಟು ಗಂಟು. ಅದು ಗಾಣದ ಎತ್ತು. ವರ್ಷಗಟ್ಟಲೆ ಎಡಕ್ಕೇ ಸುತ್ತಿ ಒಳಗಿನ ಕಾಲು ಕೆಟ್ಟಿತ್ತು.

ಹೆಂಡತಿಯ ತಮ್ಮ ನೋಡಿ ನಕ್ಕ. “ಮಾವಾರ, ಎತ್ತು ತಂದ್ರಿ, ಗಾಣ ಎಲ್ಲಿ ಬಿಟ್ರಿ?” ಬರೆ ಹಾಕಿ, ಮುಂಡರಗಿ ಸಂತೆಯಲ್ಲಿ ಬಲಕ್ಕಷ್ಟೇ ತಿರುಗಿಸಿ ಮಾರಿಬಿಡಿ ಎಂದ.

“ನನ್ನ ಕೈಗೆ ಬಂದದ್ದು ನನ್ನ ಹೊಲದಾಗ ದುಡೀಬೇಕು. ಇನ್ನೊಬ್ಬನ ಬಿತ್ತಗಿ ಕೆಡಸಾಕಲ್ಲ,” ಅಂದೆ.

ಗದಗಿನ ದನದ ದವಾಖಾನೆಗೆ ಹೊಡೆದುಕೊಂಡು ಹೋದೆ. ಡಾಕ್ಟರು ಬರೆ ಬೇಡ ಎಂದು ತಿಳಿಸಿ ಹೇಳಿದರು: ಎಲುಬಿಗೆ ಎಲುಬು ಬಿಗಿಯುವ ನಾರು ದಿನವೂ ಜಗ್ಗಿದರೆ ಮೊದಲು ಬಾವು ಬರುತ್ತದೆ, ಆಮೇಲೆ ಆ ನಾರಿನೊಳಗೆ ಮೈಯೇ ಸುಣ್ಣ ಇಳಿಸುತ್ತದೆ, ಕೊನೆಗೆ ಅದು ಎಲುಬೇ ಆಗುತ್ತದೆ. ಸುಣ್ಣ ಕೂಡುವಾಗ ನೋವು. ಕೀಲಿನ ತಳದ ಸಣ್ಣ ಎಲುಬುಗಳು ಪೂರಾ ಬೆಸೆದರೆ ನೋವು ಹೋಗಿ ಬಿಗಿತ ಮಾತ್ರ ಉಳಿಯುತ್ತದೆ.

“ಆಮ್ಯಾಲೆ ದುಡೀತದೇನ್ರಿ?”

“ನೀವು ತಡದ್ರ ದುಡೀಬಹುದು.”

ತಡೆದೆ. ಆ ಸಲ ಪಕ್ಕದ ಹೊಲದವರ ಎತ್ತು ತಂದು ಬಿತ್ತಿದೆ. ಅದರ ಬದಲಿಗೆ ಅವರ ಹೊಲದಲ್ಲಿ ದುಡಿದೆ. ಕನ್ನಡ ರಾಜ್ಯ ಒಂದಾಯಿತೆಂದು ಗದಗಿನಲ್ಲಿ ಮೆರವಣಿಗೆ ಹೊರಟಾಗಲೂ ನಾನು ಕೊಟ್ಟಿಗೆಯಲ್ಲಿ ಕೂತು ಆ ಗಂಟಿಗೆ ಅಂಗೈ ಹಚ್ಚಿ ನೋಡುತ್ತಿದ್ದೆ. ಬಿಸಿ ಇದ್ದಷ್ಟು ದಿನ ನೊಗ ಇಡಲಿಲ್ಲ. ಕೂಡ್ರಿಸಿ ಮೇವು ಹಾಕುತ್ತಾರೆಂದು ಊರು ಆಡಿಕೊಂಡಿತು. ಬೇಸಿಗೆ ಮುಗಿಯುವುದರೊಳಗೆ ಗಂಟು ತಣ್ಣಗಾಗಿ ಕಲ್ಲಾಯಿತು.

ಮುಂದಿನ ಹಿಂಗಾರಿಗೆ ಅದೇ ಎತ್ತು ಕೂರಿಗೆ ಎಳೆಯಿತು. ಹೆಜ್ಜೆ ಗಿಡ್ಡ, ಸಾಲು ನೆಟ್ಟಗೆ. ಬದುವಿನ ಹತ್ತಿರ ಅಗಲವಾಗಿ ತಿರುಗಿಸಿಕೊಂಡೆ, ಅಷ್ಟೇ. ಹೆಂಡತಿಯ ತಮ್ಮ ಬೀಜ ಬಿಡುತ್ತ ಹಿಂದೆ ನಡೆದ.

ನೀವು ಎತ್ತು ಕೊಳ್ಳುವವರಾದರೆ, ಮಲಗಿದ್ದು ಎದ್ದು ಇಡುವ ಮೊದಲ ಹೆಜ್ಜೆ ನೋಡಿರಿ. ಎರಡೂ ಕಡೆ ತಿರುಗಿಸಿರಿ. ಗಂಟು ಸಿಕ್ಕರೆ ಅಂಗೈ ಇಡಿರಿ. ಬಿಸಿ ಇದ್ದರೆ ಎದ್ದು ಬರ್ರಿ. ತಣ್ಣಗಿದ್ದು, ಕುಂಟದಿದ್ದರೆ, ಮುಖ ಸಪ್ಪಗೆ ಮಾಡಿ ಬೆಲೆ ಇಳಿಸಿ ಕೊಳ್ಳಿರಿ.