ಮೇನ್ ಸ್ವಿಚ್ಚಿನ ಕಾವಲು

ನಿಜಾಮರ ಕಾಲದ ಕೊನೆಯ ವರ್ಷಗಳವು. ಶಹಾಬಾದಿನ ಕಲ್ಲುಗಣಿ ಮಾಲಕರೊಬ್ಬರ ಬಂಗಲೆಯಲ್ಲಿ ತಂಪು ಹವಾದ ಯಂತ್ರವಿತ್ತು. ಅಂಥದ್ದನ್ನು ನಮ್ಮ ಸೀಮೆಯಲ್ಲಿ ಮತ್ತೆಲ್ಲೂ ನಾನು ಕಂಡಿರಲಿಲ್ಲ. ಕೋಣೆ ಸಾಕಷ್ಟು ತಂಪಾದ ಕೂಡಲೇ ಅದನ್ನು ತಾನಾಗಿ ನಿಲ್ಲಿಸುವ ಮುಷ್ಟಿಯಷ್ಟು ಡಬ್ಬಿ, ಥರ್ಮೋಸ್ಟಾಟ್, ಕೆಟ್ಟಿತ್ತು. ಹೊಸದು ಮುಂಬಯಿಯಿಂದ ರೈಲಿನಲ್ಲಿ ಬಂತು. ಅದನ್ನು ಜೋಡಿಸಲು ನಾನು ಮತ್ತು ನನ್ನ ಅಕ್ಕನ ಗಂಡ ಹೋದೆವು. ಇಬ್ಬರೂ ವೈರ್‌ಮನ್ನರು, ನನಗೆ ಕೆಲಸ ಕಲಿಸಿದವರೂ ಅವರೇ.

ಕರೆಂಟು ತೆಗೆದು ಭಾವ ಹೇಳಿದರು: "ನೀ ಮೇನ್ ಸ್ವಿಚ್ ಕಡಿ ನಿಂದ್ರು. ನಾ ಅನ್ನೋತನಕ ಯಾರಿಗೂ ಮುಟ್ಟಗೊಡಬ್ಯಾಡ."

ಅವರು ಒಳಗೆ ಕೂತು ಹಳೆಯ ತಂತಿ ಬಿಚ್ಚತೊಡಗಿದರು. ನಾನು ಪಡಸಾಲೆಯಲ್ಲಿ ನಿಂತೆ. ಬೇಸಿಗೆಯ ನಡುಮಧ್ಯಾಹ್ನ, ಗಂಟಲು ಒಣಗಿತ್ತು. ಯಾರಿಗೂ ಹೇಳದೆ ನೀರು ಕುಡಿಯಲು ಹಿತ್ತಲಿಗೆ ಹೋದೆ.

ಅಷ್ಟರಲ್ಲಿ ಇನ್ನೊಂದು ಕೋಣೆಯಿಂದ ಮಾಲಕರು ಕೂಗಿದರು: "ಪಂಖಾ ಯಾಕ ಬಂದ್ ಅದ? ಚಾಲೂ ಮಾಡು!"

ಮನೆಯ ಆಳು ಓಡಿಬಂದು ಮೇನ್ ಸ್ವಿಚ್ ಹಾಕಿದ.

ನಾನು ಬಂದಾಗ ಪಂಖಾ ತಿರುಗುತ್ತಿತ್ತು. ಸ್ವಿಚ್ ತೆಗೆದು ಒಳಗೆ ಓಡಿದೆ. ಭಾವ ಗೋಡೆಗೆ ಒರಗಿದ್ದರು, ಬೆರಳುಗಳ ನಡುವೆ ತಂತಿ ಹಾಗೇ ಇತ್ತು. ಎದೆ ತಿಕ್ಕಿದೆ, ಅಲುಗಿಸಿದೆ. ಉಸಿರು ಬರಲಿಲ್ಲ.

ಕಲ್ಲು ಸಾಗಿಸುವ ಬಂಡಿಯಲ್ಲೇ ಮನೆಗೆ ತಂದೆವು. ಅಕ್ಕ ಅಳುವುದಕ್ಕೂ ಮೊದಲು ಕೇಳಿದಳು: "ನೀ ಎಲ್ಲಿದ್ದೆಪ್ಪಾ?"

"ಅಲ್ಲೇ ಇದ್ದೆ ಅಕ್ಕಾ. ಬ್ಯಾಡಂದ್ರೂ ಆ ಆಳು ಕೇಳಲಿಲ್ಲ."

ಆ ಮಾತು ಮಾಲಕರ ಕಿವಿಗೂ ಬಿತ್ತು. ಆಳನ್ನು ಮರುದಿನವೇ ಕೆಲಸದಿಂದ ತೆಗೆದರು. ಗಂಟು ಹೊತ್ತ ಹೆಂಡತಿಯೊಂದಿಗೆ ಅವನು ಕಾಳಗಿ ಕಡೆಯ ದಾರಿ ಹಿಡಿದದ್ದನ್ನು ನಾನು ನಿಂತು ನೋಡಿದೆ.

ಮಣ್ಣು ಮಾಡಿ ಎಂಟು ದಿನವಾಗಿತ್ತು. ಮಾಲಕರು ಹೇಳಿಕಳಿಸಿದರು: "ಕೆಲಸ ಅರ್ಧಕ್ಕ ನಿಂತದ. ನೀನೇ ಮುಗಿಸು."

ಹೋದೆ. ಹೋಗದೆ ಇರಬಹುದಿತ್ತು. ಯಾರು ಸ್ವಿಚ್ ಹಾಕಿದರೂ ಕರೆಂಟು ಬಾರದಂತೆ ಫ್ಯೂಜು ಕಿತ್ತು ಕಿಸೆಯಲ್ಲಿ ಇಟ್ಟುಕೊಂಡೇ ಡಬ್ಬಿಗೆ ಕೈ ಹಾಕಿದೆ. ಎರಡು ತಂತಿ, ಎರಡು ಸ್ಕ್ರೂ. ಕಾಲು ತಾಸಿನ ಕೆಲಸ. ಫ್ಯೂಜು ಮತ್ತೆ ಹಾಕಿದೆ, ಯಂತ್ರ ಗುಂಯ್‌ಗುಟ್ಟಿತು, ಕೋಣೆ ತಂಪಾಯಿತು, ಆಮೇಲೆ ತಾನಾಗಿ ನಿಂತಿತು. ಮಾಲಕರು "ಶಾಬಾಸ್" ಎಂದರು.

ಎಷ್ಟೋ ವರ್ಷಗಳ ಮೇಲೆ, ಅಕ್ಕ ಜೋಳ ಹಸನು ಮಾಡುತ್ತ ಕೂತಿದ್ದಾಗ, ನಿಜ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ಆ ಆಳು ಎಲ್ಲಿ ಅದಾನ?" ಎಂದಳು.

"ಗೊತ್ತಿಲ್ಲ ಅಕ್ಕಾ."

ಅವಳು ಮೊರ ಮತ್ತೆ ಕೈಗೆತ್ತಿಕೊಂಡಳು. ಅಂದಿನಿಂದ ನನ್ನ ಮನೆಗೆ ಕಾಲಿಡಲಿಲ್ಲ.